ಅಮ್ಮನಿಗೆ ಕಣ್ಣು ಹೋಯಿತು, ನಾನೀಗ ಏನು ತಿನ್ನಬೇಕು?

ಪ್ರಶ್ನೆ: ನನಗೆ 58 ವರ್ಷ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಅಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಐದಾರು ವರ್ಷ ಅವರಿಗೆ ಎದುರು ಕೂತವರ ಮುಖ ಕಾಣುತ್ತಿರಲಿಲ್ಲ. ಆದರೆ ಅಂಗಳದಲ್ಲಿ ಒಬ್ಬರೇ ನಡೆಯುತ್ತಿದ್ದರು. ಮಂಗಳೂರಿನಲ್ಲಿ ತೋರಿಸಿದಾಗ ವಯಸ್ಸಿನಿಂದ ಮ್ಯಾಕುಲಾ ಸವೆದಿದೆ ಎಂದರು. ನನಗೆ ಎಂಟು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ನಾವು ಸಸ್ಯಾಹಾರಿಗಳು. ದುಬೈಯಲ್ಲಿರುವ ಮಗ ಕಣ್ಣಿಗೆ ಒಳ್ಳೆಯದೆಂದು ಲ್ಯೂಟೀನ್ ಕ್ಯಾಪ್ಸೂಲಿನ ದೊಡ್ಡ ಡಬ್ಬಿ ಕಳಿಸಿದ್ದಾನೆ. ನಾದಿನಿ ದಿನಾ ಕ್ಯಾರೆಟ್ ಜ್ಯೂಸ್ ಕುಡಿಯಲು ಹೇಳುತ್ತಾಳೆ. ಮನೆಯವರಿಗೆ ಬೀಡಿ ಅಭ್ಯಾಸ ಇದೆ. ನನಗೂ ಅಮ್ಮನ ಹಾಗೆ ಆಗದಿರಲು ಊಟದಲ್ಲಿ ಏನು ಮಾಡಬೇಕು? ಡಬ್ಬಿ ತೆರೆಯಲೋ ಬೇಡವೋ?

ಉತ್ತರ: ಅಕ್ಕಾ, ಮುಖ ಕಾಣುತ್ತಿರಲಿಲ್ಲ, ಆದರೆ ಅಂಗಳದಲ್ಲಿ ಒಬ್ಬರೇ ನಡೆಯುತ್ತಿದ್ದರು ಎಂದು ಬರೆದಿದ್ದೀರಲ್ಲ, ಈ ಕಾಯಿಲೆಯ ಗುರುತೇ ಅದು. ಕಣ್ಣಿನ ಒಳಗೆ, ಹಿಂಬದಿಯಲ್ಲಿ, ರೆಟಿನಾ ಎಂಬ ತೆಳುವಾದ ಪರದೆ ಇದೆ. ಅದರ ನಟ್ಟನಡುವೆ ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕುಲಾ. ಓದುವುದು, ಸೂಜಿಗೆ ನೂಲು ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಹೆಕ್ಕುವುದು, ಜಗಲಿಗೆ ಬಂದವರು ಯಾರು ಎಂದು ಗುರುತಿಸುವುದು, ಎಲ್ಲ ಅದರ ಕೆಲಸ. ಸುತ್ತಲಿನ ನೋಟ ಉಳಿದ ರೆಟಿನಾದ್ದು. ಅದು ಚೆನ್ನಾಗಿದ್ದರೆ ನಡೆಯಲು ತೊಂದರೆ ಇಲ್ಲ. "ನೆಲದಲ್ಲಿ ಬಿದ್ದ ಅಡಿಕೆ ಕಾಣ್ತದೆ, ನನ್ನ ಮುಖ ಮಾತ್ರ ಕಾಣುವುದಿಲ್ಲವಂತೆ" ಎಂದು ಸೊಸೆಯಂದಿರು ನನ್ನ ಹತ್ತಿರ ದೂರಿದ್ದುಂಟು. ಅಜ್ಜಿ ಸುಮ್ನೆ ಹೇಳುವುದಲ್ಲ. ನಿಜವಾಗಿ ಹಾಗೆಯೇ ಕಾಣುವುದು.

ಇನ್ನು ಊಟದ ವಿಷಯ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಕಣ್ಣಿಗೆ ಒಳ್ಳೆಯದು" ಎಂದು ಹೇಳುವಾಗ ನಾವು ನಾಲ್ಕೈದು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ಕಣ್ಣಿನ ಪೊರೆ ಒಂದು. ನಮ್ಮ ದೇಶದಲ್ಲಿ 50 ದಾಟಿದವರ ಕುರುಡುತನಕ್ಕೆ ಅತಿ ದೊಡ್ಡ ಕಾರಣ ಇದೇ. ಪೊರೆ ಒಮ್ಮೆ ಬೆಳೆದ ಮೇಲೆ ಯಾವ ಸೊಪ್ಪಿನಿಂದಲೂ ಕರಗುವುದಿಲ್ಲ, ಆಪರೇಷನ್ನೇ ದಾರಿ. ಗ್ಲಾಕೋಮಾ ಇನ್ನೊಂದು. ಅದರಲ್ಲಿ ಸಾಮಾನ್ಯವಾಗಿ ಕಣ್ಣಿನ ಒಳಗಿನ ಒತ್ತಡ ಏರಿ ನರ ಸಾಯುತ್ತಾ ಹೋಗುತ್ತದೆ. ಅಲ್ಲಿ ದಿನಾ ಹಾಕುವ ಹನಿಮದ್ದಿನ ಜಾಗವನ್ನು ಊಟ ತುಂಬುವುದಿಲ್ಲ. ಶುಗರ್‌ನಿಂದ ರೆಟಿನಾದ ರಕ್ತನಾಳ ಹಾಳಾಗುವುದು ಮೂರನೆಯದು. ಅಲ್ಲಿ ಊಟಕ್ಕೆ ದೊಡ್ಡ ಪಾತ್ರ ಇದೆ, ಆದರೆ ಅದು ಸೊಪ್ಪಿಗಿಂತ ಅನ್ನದ ಲೆಕ್ಕ. ನಿಮ್ಮ ಅಮ್ಮನಿಗೆ ಬಂದ ಮ್ಯಾಕುಲಾ ಸವೆತ ನಾಲ್ಕನೆಯದು. ವಯಸ್ಸು, ವಂಶ, ಹೊಗೆ ಸೇದುವುದು ಇದರ ಮುಖ್ಯ ಕಾರಣಗಳು. ತಾಯಿಗೆ ಇದ್ದರೆ ಮಕ್ಕಳಿಗೆ ಅಪಾಯ ಜಾಸ್ತಿ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಆದರೆ ನಿಮ್ಮ ತಟ್ಟೆಗೆ ಒಂದಿಷ್ಟು ಅಧಿಕಾರ ಇರುವುದೂ ಇದೇ ಕಾಯಿಲೆಯಲ್ಲಿ.

ಮ್ಯಾಕುಲಾಕ್ಕೆ ಒಂದು ಹಳದಿ ಬಣ್ಣ ಇದೆ. ಲ್ಯೂಟೀನ್, ಝಿಯಾಕ್ಸಾಂಥಿನ್ ಎಂಬ ಎರಡು ಬಣ್ಣದ ಪದಾರ್ಥಗಳು ಅಲ್ಲಿ ಸೇರಿ ಆದದ್ದು ಅದು. ಕಣ್ಣಿಗೆ ಬೀಳುವ ನೀಲಿ ಬೆಳಕನ್ನು ಅವು ಸ್ವಲ್ಪ ಹೀರಿಕೊಳ್ಳುತ್ತವೆ. ಬೆಳಕು ಬಿದ್ದು ಬಿದ್ದು ಹುಟ್ಟುವ ಕೆಡುಕನ್ನು ತಡೆಯುತ್ತವೆ. ಇವನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು. ತಿಂದರೆ ಮಾತ್ರ ಬರುತ್ತದೆ. ಬರುವುದು ಮುಖ್ಯವಾಗಿ ಕಡು ಹಸಿರು ಸೊಪ್ಪಿನಿಂದ. ಹಳದಿ ಬಣ್ಣ ಸೊಪ್ಪಿನಲ್ಲಿ ಹೇಗೆ ಎಂದು ಕೇಳಬೇಡಿ, ಹಸಿರಿನ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಎಲೆ ಹಣ್ಣಾಗಿ ಹಸಿರು ಹೋದಾಗ ಹಳದಿ ಕಾಣುವುದಿಲ್ಲವೇ, ಹಾಗೆ.

ಪಾಲಕ್ ಸೊಪ್ಪಿನಲ್ಲಿ 100 ಗ್ರಾಮಿಗೆ ಇವೆರಡೂ ಸೇರಿ ಸುಮಾರು 12 ಮಿಲಿಗ್ರಾಂ ಇದೆ. ಆದರೆ ಪಾಲಕ್ ನಮ್ಮ ಕಡೆಯ ಬೆಳೆಯಲ್ಲ, ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ಬದಿಯಡ್ಕಕ್ಕೆ ಬಂದು ಅಂಗಡಿಯಲ್ಲಿ ಕೂತು ನಿಮ್ಮ ಮನೆ ಸೇರುವಾಗ ಅದರ ಮುಖ ನೋಡುವ ಹಾಗಿರುವುದಿಲ್ಲ. ನಿಮ್ಮ ಹಿತ್ತಿಲಲ್ಲಿ ನುಗ್ಗೆ ಇದೆ, ಬಸಳೆ ಚಪ್ಪರ ಇದೆ ಅಥವಾ ಇತ್ತು, ಹರಿವೆ ಬೀಜ ಬಿತ್ತಿದರೆ ತಿಂಗಳೊಳಗೆ ಕೀಳಬಹುದು. ಚೀನಿಕಾಯಿ (ಸಿಹಿಗುಂಬಳ) ಬಳ್ಳಿಯ ಕುಡಿ ಇದೆ. ತೋಟದ ತೋಡಿನ ಬದಿಯಲ್ಲಿ ಒಂದೆಲಗ ತಾನಾಗಿ ಹಬ್ಬಿರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಚಗಟೆ ಸೊಪ್ಪು, ಕೆಸುವಿನ ಎಲೆ ಬೇಕಾದಷ್ಟು. ಇವೆಲ್ಲ ಕಡು ಹಸಿರು ಸೊಪ್ಪುಗಳೇ. ಆಟಿಯಲ್ಲಿ ನುಗ್ಗೆ ಸೊಪ್ಪು ತಿನ್ನಬಾರದು ಎಂದು ನೆರೆಯ ಮಲಯಾಳಿ ಮನೆಗಳಲ್ಲಿ ಒಂದು ನಂಬಿಕೆ ಇದೆ. ಬಿಡಿ, ಆ ಒಂದು ತಿಂಗಳಿಗೆ ಕೆಸುವಿನ ಎಲೆಯ ಪತ್ರೊಡೆ ಇದೆಯಲ್ಲ.

ಈಗ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳುತ್ತೇನೆ. ಸ್ವೀಡನ್‌ನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು ಪಾಲಕ್ ಸೊಪ್ಪನ್ನು ಬೇರೆ ಬೇರೆ ರೀತಿ ಮಾಡಿ ನೋಡಿದರು. ಬೇಯಿಸಿದರು, ಹಬೆಯಲ್ಲಿಟ್ಟರು, ಹುರಿದರು. ಎಷ್ಟು ಹೊತ್ತು ಬೇಯುತ್ತದೋ ಅಷ್ಟು ಲ್ಯೂಟೀನ್ ಕಡಿಮೆಯಾಗುತ್ತಾ ಹೋಯಿತು. ಎಲ್ಲಕ್ಕಿಂತ ಚೆನ್ನಾಗಿ ಲ್ಯೂಟೀನ್ ಬಿಟ್ಟುಕೊಟ್ಟದ್ದು ಹಸಿ ಸೊಪ್ಪನ್ನು ನುಣ್ಣಗೆ ಅರೆದು ಕೆನೆಯಿರುವ ಹಾಲು, ಮೊಸರಿನ ಜೊತೆ ಬೆರೆಸಿದಾಗ. ಜನರಿಗೆ ತಿನ್ನಿಸಿ ನೋಡಿದ್ದಲ್ಲ, ಲ್ಯಾಬಿನಲ್ಲಿ ಹೊಟ್ಟೆಯ ಹಾಗೆ ಜೀರ್ಣ ಮಾಡಿಸಿ ನೋಡಿದ್ದು, ಆ ಮಿತಿ ಇದೆ. ಆದರೂ ಓದಿ ನನಗೆ ನಗು ಬಂತು. ಸೊಪ್ಪು ಅರೆದು ಮೊಸರಿಗೆ ಬೆರೆಸುವುದಕ್ಕೆ ನಮ್ಮಲ್ಲಿ ಹೆಸರಿಲ್ಲವೇ? ಒಂದೆಲಗದ ತಂಬುಳಿ ಇನ್ನೇನು? ಹಸಿ ಎಲೆ, ಕಾಯಿತುರಿ, ಸ್ವಲ್ಪ ಜೀರಿಗೆ, ನುಣ್ಣಗೆ ಅರೆದು ಮಜ್ಜಿಗೆಗೆ ಹಾಕುವುದು. ಒಲೆಯ ಕೆಲಸವೆಂದರೆ ಒಗ್ಗರಣೆ ಮಾತ್ರ.

ಯಾಕೆ ಅದು ಕೆಲಸ ಮಾಡುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಲ್ಯೂಟೀನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಎಲೆಯ ಗೂಡುಗಳೊಳಗೆ ಅದು ಬಿಗಿಯಾಗಿ ಕೂತಿರುತ್ತದೆ. ಅರೆದಾಗ ಗೂಡು ಒಡೆಯುತ್ತದೆ. ಕಾಯಿತುರಿಯಲ್ಲಿ, ಮಜ್ಜಿಗೆಯಲ್ಲಿ ಇರುವ ಕೊಬ್ಬು ಅದನ್ನು ಹೊತ್ತು ಕರುಳಿನ ಗೋಡೆ ದಾಟಿಸುತ್ತದೆ. ಎಣ್ಣೆ ಹನಿಯೂ ಇಲ್ಲದೆ ಸೊಪ್ಪು ಬೇಯಿಸಿ ತಿಂದರೆ ಅದರಲ್ಲಿ ಬಹುಪಾಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಹಾಗೆಂದು ಎಣ್ಣೆ ಸುರಿಯಬೇಡಿ. ಒಬ್ಬರ ಪಾಲಿಗೆ ಒಂದು ಚಮಚ ಎಣ್ಣೆ ಅಥವಾ ಒಂದು ಹಿಡಿ ಕಾಯಿತುರಿ ಧಾರಾಳ ಸಾಕು. ಮೊಟ್ಟೆ ತಿನ್ನುವವರಿಗೆ ಇಲ್ಲೊಂದು ಅನುಕೂಲ ಇದೆ. ಹಳದಿ ಭಾಗದಲ್ಲಿ ಲ್ಯೂಟೀನ್ ಇರುವುದು ಸ್ವಲ್ಪವೇ. ಆದರೆ ಅಲ್ಲಿ ಕೊಬ್ಬು ಜೊತೆಗೇ ಇರುವುದರಿಂದ ಚೆನ್ನಾಗಿ ಮೈಗೆ ಹತ್ತುತ್ತದೆ.

ದಿನಾ ತಂಬುಳಿಯೇ ಆಗಬೇಕೆಂದು ಹಟ ಬೇಡ. ಹರಿವೆ ತಾಳು, ಅಂದರೆ ಪಲ್ಯ, ಮಾಡಿದರೂ ಆಯ್ತು. ಸಿಡಿದ ಒಗ್ಗರಣೆಗೆ ಹೆಚ್ಚಿದ ಸೊಪ್ಪು ಹಾಕಿ, ನಾಲ್ಕು ನಿಮಿಷ ಬಾಡಿಸಿ, ಕಾಯಿತುರಿ ಉದುರಿಸಿ ಇಳಿಸಿ. ಬಸಳೆ ಬೆಂದಿಗೆ, ಅಂದರೆ ಸಾಂಬಾರಿಗೆ, ಬೇಳೆ ಮೊದಲೇ ಬೇಯಿಸಿಟ್ಟು ಸೊಪ್ಪನ್ನು ಕೊನೆಗೆ ಹಾಕಿ. ಬೆಳಿಗ್ಗೆ ಮಾಡಿದ ಸೊಪ್ಪಿನ ಸಾಂಬಾರನ್ನು ರಾತ್ರಿ ಮತ್ತೆ ಕುದಿಸಿ, ಮಾರನೇ ದಿನ ಇನ್ನೊಮ್ಮೆ ಕುದಿಸಿ ಬಡಿಸುವುದು ನಮ್ಮ ಕಡೆಯ ಅಭ್ಯಾಸ. ರುಚಿ ಏರುತ್ತದೆ, ಒಪ್ಪುತ್ತೇನೆ. ಕಣ್ಣಿನ ಲೆಕ್ಕದಲ್ಲಿ ಮಾತ್ರ ನಷ್ಟ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು. ಹಸಿಯಾಗಿದ್ದಾಗ ಎರಡು ಕೈ ತುಂಬ ಬರುತ್ತದೆ, ಬೆಂದ ಮೇಲೆ ಒಂದು ಸಣ್ಣ ಬಟ್ಟಲು. ನನ್ನ ಹತ್ತಿರ ಬರುವವರಿಗೆ ಹಿಂದಿನ ವಾರ ಏನು ತಿಂದಿರಿ ಎಂದು ಕೇಳುತ್ತೇನೆ. "ಸೊಪ್ಪು ತಿಂತೇವೆ ಡಾಕ್ಟ್ರೇ, ಮನೆಯಲ್ಲೇ ಉಂಟು" ಎನ್ನುತ್ತಾರೆ. ದಿನ ಲೆಕ್ಕ ಹಾಕಿಸಿದರೆ ವಾರಕ್ಕೆ ಒಂದು ಸಲ, ಅದೂ ಒಂದು ಸಟ್ಟುಗ. ಉಳಿದ ದಿನ ಸೌತೆಕಾಯಿ ಸಾಂಬಾರು, ಬಟಾಟೆ ತಾಳು, ಉಪ್ಪಿನಕಾಯಿ, ಹಪ್ಪಳ. ಸೊಪ್ಪು ಕೊಯ್ಯುವುದು, ಬಿಡಿಸುವುದು ಕೆಲಸ. ಮಕ್ಕಳೆಲ್ಲ ಬೆಂಗಳೂರು, ಗಲ್ಫ್ ಸೇರಿದ ಮೇಲೆ ಇಬ್ಬರಿಗಾಗಿ ಯಾರು ನುಗ್ಗೆ ಸೊಪ್ಪು ಬಿಡಿಸುತ್ತಾರೆ? ಅರ್ಥವಾಗುತ್ತದೆ. ಒಂದು ಉಪಾಯ ಹೇಳುತ್ತೇನೆ. ನುಗ್ಗೆ ಗೆಲ್ಲನ್ನು ರಾತ್ರಿ ಕೊಯ್ದು ಬಟ್ಟೆಯಲ್ಲಿ ಸುತ್ತಿಡಿ. ಬೆಳಿಗ್ಗೆ ಕೊಡವಿದರೆ ಎಲೆ ತಾನಾಗಿ ಉದುರುತ್ತದೆ. ನಮ್ಮ ಅಜ್ಜಿ ಮಾಡುತ್ತಿದ್ದದ್ದು ಹಾಗೆ.

ಹಸಿರಿನ ಜೊತೆ ಕಿತ್ತಳೆ ಬಣ್ಣದವೂ ಬೇಕು. ಹಣ್ಣಾದ ಬಪ್ಪಂಗಾಯಿ (ಪಪ್ಪಾಯಿ), ಚೀನಿಕಾಯಿ, ಒಳಗೆ ಕೆಂಪಗಿರುವ ಗೆಣಸು. ಇವುಗಳಲ್ಲಿರುವ ಬೀಟಾ ಕ್ಯಾರೊಟಿನ್ ಮೈಯೊಳಗೆ ವಿಟಮಿನ್ ಎ ಆಗುತ್ತದೆ. ಮಬ್ಬು ಬೆಳಕಿನಲ್ಲಿ ಕಾಣಲು ಅದು ಬೇಕು. ಕಡಿಮೆಯಾದರೆ ಇರುಳುಗುರುಡು. ಆದರೆ ನಿಮ್ಮ ಮನೆಯಂಥ ಊಟ ಮಾಡುವವರಿಗೆ ವಿಟಮಿನ್ ಎ ಕೊರತೆ ಬರುವುದು ಅಪರೂಪ. ಕೊರತೆ ಇಲ್ಲದವರು ಇನ್ನಷ್ಟು ತಿಂದರೆ ದೃಷ್ಟಿ ಇನ್ನಷ್ಟು ಚುರುಕಾಗುವುದಿಲ್ಲ.

ನಾದಿನಿಯ ಕ್ಯಾರೆಟ್ ಜ್ಯೂಸಿಗೆ ನನ್ನ ತಕರಾರು ಇರುವುದೂ ಅಲ್ಲೇ. ಕ್ಯಾರೆಟ್‌ನಲ್ಲಿ ಬೀಟಾ ಕ್ಯಾರೊಟಿನ್ ತುಂಬಾ ಇದೆ, ಮ್ಯಾಕುಲಾಕ್ಕೆ ಬೇಕಾದ ಲ್ಯೂಟೀನ್ ಕಡಿಮೆ. ಜ್ಯೂಸ್ ಮಾಡಿದರೆ ನಾರು ಸೋಸಿ ಹೋಗಿ ಸಕ್ಕರೆಯ ನೀರು ಉಳಿಯುತ್ತದೆ. ಶುಗರ್ ಇರುವ ನಿಮಗೆ ಅದು ಬೇಕೇ? ಕ್ಯಾರೆಟ್ ಇಷ್ಟವಾದರೆ ಕೋಸಂಬರಿಗೆ ತುರಿದು ಹಾಕಿ, ತಿನ್ನಿ. ಜ್ಯೂಸಿನ ಮಾತು ಬಂದಾಗ ಇನ್ನೊಂದು ನೆನಪಾಯಿತು. ನಮ್ಮ ಕಡೆ ಬೇಲಿಯಲ್ಲಿ ಚಕ್ರಮುನಿ ಬೆಳೆಸುತ್ತಾರೆ, ವಿಟಮಿನ್ ಸೊಪ್ಪು ಎಂದು ಕರೆಯುವುದೂ ಉಂಟು. ಆಗಾಗ ತಾಳು ಮಾಡಿ ತಿಂದರೆ ತೊಂದರೆ ಇಲ್ಲ. ಆದರೆ 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಜನ ಇದರ ಹಸಿ ರಸವನ್ನು ದಿನಾ ಕುಡಿದರು. ಹಲವರ ಶ್ವಾಸಕೋಶ ಸರಿಯಾಗದ ಹಾಗೆ ಹಾಳಾಯಿತು. ಒಳ್ಳೆಯ ಸೊಪ್ಪನ್ನೂ ಲೋಟಗಟ್ಟಲೆ ಹಿಂಡಿ ಕುಡಿಯುವ ಚಾಳಿ ಬೇಡ.

ವಿಟಮಿನ್ ಸಿ ಬಗ್ಗೆ ಸ್ವಲ್ಪ ಬರೆಯಬೇಕು. ಇದು ನಮ್ಮವರ ತಟ್ಟೆಯಲ್ಲಿ ಅಂದುಕೊಂಡಷ್ಟು ಇಲ್ಲ. ಹರಿಯಾಣದಲ್ಲಿ ಒಂದು ಕಡೆ, ತೆಂಕಣದ ಪುದುಚೇರಿಯ ಸುತ್ತ ಇನ್ನೊಂದು ಕಡೆ, 60 ದಾಟಿದವರ ರಕ್ತ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಇದೆ. ತೆಂಕಣದಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ವಿಟಮಿನ್ ಸಿ ಕೊರತೆ ಇತ್ತು. ಬಡಗಣದಲ್ಲಿ ಇನ್ನೂ ಜಾಸ್ತಿ. ರಕ್ತದಲ್ಲಿ ಅದು ಚೆನ್ನಾಗಿದ್ದವರಲ್ಲಿ ಕಣ್ಣಿನ ಪೊರೆ ಕಡಿಮೆ ಕಂಡಿತು. ತಿಂದದ್ದರಿಂದಲೇ ಪೊರೆ ಬರಲಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕೊರತೆ ಇಟ್ಟುಕೊಂಡು ಕೂರುವುದರಲ್ಲಿ ಲಾಭವೂ ಇಲ್ಲ, ಅಲ್ವಾ?

ಕಾಸರಗೋಡಿನವರಿಗೆ ಇದು ನಾಚಿಕೆಯ ವಿಷಯ ಎಂದೇ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಗುಡ್ಡಗಳಲ್ಲಿ ಗೇರುಹಣ್ಣು ರಾಶಿ ರಾಶಿ ಕೊಳೆಯುತ್ತದೆ. ಬೀಜ ತಿರುವಿ ತೆಗೆದು ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ಆ ಹಣ್ಣಿನಲ್ಲಿ ಕಿತ್ತಳೆಯ ನಾಲ್ಕೈದು ಪಟ್ಟು ವಿಟಮಿನ್ ಸಿ ಇದೆ! ಗಂಟಲು ಕೆರೆಯುತ್ತದೆ ನಿಜ. ಹೋಳು ಮಾಡಿ ಉಪ್ಪು ಹಾಕಿ ಸ್ವಲ್ಪ ಹೊತ್ತು ಇಟ್ಟರೆ ಆ ಒಗರು ಇಳಿಯುತ್ತದೆ. ನಿಮಗೆ ದಿನಕ್ಕೆ ಒಂದು ಹಣ್ಣು ಸಾಕು. ಆ ಕಾಲ ಮುಗಿದ ಮೇಲೆ ಪೇರಳೆ, ನೆಲ್ಲಿಕಾಯಿ. ನೆಲ್ಲಿಕಾಯಿಯನ್ನು ಹಸಿಯಾಗಿ ಜಜ್ಜಿ ಮೊಸರಿಗೆ ಹಾಕುವುದು ಒಳ್ಳೆಯದು. ಸಕ್ಕರೆ ಪಾಕದಲ್ಲಿ ಅದ್ದಿದ್ದು ನಿಮಗಲ್ಲ.

ಇನ್ನು ಡಬ್ಬಿಯ ಪ್ರಶ್ನೆ. ಮಗ ಪ್ರೀತಿಯಿಂದ ಕಳಿಸಿದ್ದಾನೆ, ಅದಕ್ಕೆ ಎರಡು ಮಾತಿಲ್ಲ. ಈ ಕ್ಯಾಪ್ಸೂಲುಗಳ ಹಿಂದೆ ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆ ನಡೆಸಿದ ಎರಡು ದೊಡ್ಡ ಪ್ರಯೋಗಗಳಿವೆ. ಮೊದಲನೆಯದರ ಫಲಿತಾಂಶ 2001ರಲ್ಲಿ ಬಂತು. ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟಿನ್, ಸತು, ತಾಮ್ರ ಸೇರಿಸಿದ ಮಾತ್ರೆ ಕೊಟ್ಟಾಗ, ಮ್ಯಾಕುಲಾ ಸವೆತ ಆಗಲೇ ನಡುವಿನ ಹಂತ ಮುಟ್ಟಿದ್ದವರಲ್ಲಿ ಕೊನೆಯ ಹಂತಕ್ಕೆ ಜಾರುವ ಅಪಾಯ ಐದು ವರ್ಷದಲ್ಲಿ ಸುಮಾರು 25 ಶೇಕಡಾ ಕಡಿಮೆಯಾಯಿತು. ನಡುವಿನ ಹಂತ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಯಿಲೆ ಶುರುವಾಗದಂತೆ ಆ ಮಾತ್ರೆ ತಡೆಯಲಿಲ್ಲ. ಆರಂಭದ ಹಂತದವರಿಗೂ ಪ್ರಯೋಜನ ಕಾಣಲಿಲ್ಲ. ಕಣ್ಣಿನ ಪೊರೆಗಂತೂ ಇಲ್ಲವೇ ಇಲ್ಲ.

ಎರಡನೆಯ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆಯಿಂದ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಏರುತ್ತದೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಈ ಪ್ರಯೋಗದಲ್ಲಿ ಸೇದುವುದು ಬಿಟ್ಟವರಲ್ಲೂ ಅದೇ ಕಂಡಿತು. ಅದರ ಬದಲು 10 ಮಿಲಿಗ್ರಾಂ ಲ್ಯೂಟೀನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಹಾಕಿದರು. ಈಗ ಡಾಕ್ಟರುಗಳು ಬರೆಯುವುದು ಈ ಲೆಕ್ಕದ ಮಾತ್ರೆ. ಆ ಪ್ರಯೋಗದ ಒಂದು ವಿವರ ನಿಮಗೆ ಹೇಳಲೇಬೇಕು. ಲ್ಯೂಟೀನ್ ಮಾತ್ರೆಯಿಂದ ಹೆಚ್ಚು ಪ್ರಯೋಜನ ಕಂಡದ್ದು ಊಟದಲ್ಲಿ ಅದನ್ನು ತೀರಾ ಕಡಿಮೆ ತಿನ್ನುತ್ತಿದ್ದವರಿಗೆ. ಎಂದರೆ ಸೊಪ್ಪು ಬಿಟ್ಟವರಿಗೆ.

ಹಾಗಾಗಿ ಈಗಲೇ ಡಬ್ಬಿ ತೆರೆಯಬೇಡಿ. ನಿಮ್ಮ ರೆಟಿನಾ ಹೇಗಿದೆ ಎಂದು ನೋಡಿಸದೆ ಆ ಮಾತ್ರೆಗೆ ಅರ್ಥವೇ ಇಲ್ಲ. ನೋಡಿದ ಡಾಕ್ಟರು ನಡುವಿನ ಹಂತ ಎಂದರೆ ಆಗ ತೆಗೆದುಕೊಳ್ಳಿ. ಅದಕ್ಕೂ ಮೊದಲು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿಸಿ. ಮೇಲೆ ಲ್ಯೂಟೀನ್ ಎಂದು ದೊಡ್ಡದಾಗಿ ಬರೆದು ಒಳಗೆ ಚೂರುಪಾರು ಹಾಕಿದವು ಪೇಟೆಯಲ್ಲಿ ತುಂಬಾ ಇವೆ. ಸತು ಜಾಸ್ತಿ ಇದ್ದು ತಾಮ್ರ ಇಲ್ಲದಿದ್ದರೆ ಅದು ಬೇಡ, ಬಹಳ ದಿನ ತಿಂದರೆ ರಕ್ತಹೀನತೆ ಬರಬಹುದು. ಬೀಟಾ ಕ್ಯಾರೊಟಿನ್ ಇದ್ದರೆ ಮನೆಯವರ ಕೈಗೆ ಸಿಗದ ಹಾಗೆ ಇಡಿ.

ಈಗ ನಿಮಗೆ ಹಿಡಿಸದ ಮಾತು. ಅಮ್ಮನ ಮ್ಯಾಕುಲಾ ನಿಮ್ಮ ಮನಸ್ಸಿನಲ್ಲಿ ಕೂತಿದೆ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಎಂಟು ವರ್ಷದ ಶುಗರ್. ಎಷ್ಟು ಇದೆ ಎಂದು ನೀವು ಬರೆದಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿದ ಸುದ್ದಿಯೂ ಇಲ್ಲ. ಶುಗರ್‌ನಿಂದ ರೆಟಿನಾ ಕೆಡುವಾಗ ನೋವು ಇರುವುದಿಲ್ಲ. ಶುರುವಿನಲ್ಲಿ ಮಬ್ಬೂ ಇರುವುದಿಲ್ಲ. ನಿಮ್ಮ ಥರದ ಶುಗರ್ ಇದ್ದವರು ಅದು ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು.

ನಮ್ಮ ಕಡೆಯ ದಿನಚರಿ ನೋಡಿ. ಬೆಳಿಗ್ಗೆ ದೋಸೆ, ಇಲ್ಲದಿದ್ದರೆ ಕುಚ್ಚಲಕ್ಕಿ ಗಂಜಿ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಸಂಜೆ ಚಹಾದ ಜೊತೆ ಅವಲಕ್ಕಿ. ಎಲ್ಲವೂ ಅಕ್ಕಿಯೇ, ವೇಷ ಮಾತ್ರ ಬೇರೆ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ಮೇಲು, ಆದರೆ ಶುಗರ್ ಇದ್ದವರು ಎಷ್ಟು ಬೇಕಾದರೂ ಉಣ್ಣಬಹುದು ಎಂಬುದು ಸರಿಯಲ್ಲ. ಮೆತ್ತಗೆ ಬೆಂದ ಗಂಜಿ ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಹೀಗೆ ಬೇಗ ಸಕ್ಕರೆಯಾಗುವ ಊಟ ಜಾಸ್ತಿ ಮಾಡುವವರಲ್ಲಿ ಮ್ಯಾಕುಲಾ ಸವೆತವೂ ಹೆಚ್ಚು ಮುಂದುವರಿಯುತ್ತದೆಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಕಂಡಿದ್ದಾರೆ. ಇಲ್ಲಿ ನಿಮ್ಮ ಎರಡೂ ಭಯಗಳಿಗೆ ಒಂದೇ ತಟ್ಟೆ ಉತ್ತರ. ಅನ್ನ ಈಗಿನ ಅರ್ಧ ಬಡಿಸಿಕೊಳ್ಳಿ. ಖಾಲಿಯಾದ ಜಾಗಕ್ಕೆ ಸೊಪ್ಪಿನ ತಾಳು, ಹೆಸರುಕಾಳು, ಕಡಲೆ, ಅಲಸಂಡೆ ಬರಲಿ. ಕಾಳುಗಳಲ್ಲಿ ಕಣ್ಣಿಗೆ ಬೇಕಾದ ಸತುವೂ ಇದೆ. ಸಂಜೆಯ ಅವಲಕ್ಕಿಯ ಬದಲು ಏಳೆಂಟು ಗೇರುಬೀಜ ತಿನ್ನಿ, ಹುರಿದು ಉಪ್ಪು ಹಾಕದ್ದು. ಒಂದೇ ಎಚ್ಚರಿಕೆ. ಶುಗರ್ ತುಂಬಾ ಮೇಲಿದ್ದವರು ಅದನ್ನು ಒಮ್ಮೆಲೇ ಇಳಿಸಿದರೆ, ಆಗಲೇ ಕೆಟ್ಟಿರುವ ರೆಟಿನಾ ಕೆಲವು ತಿಂಗಳು ಇನ್ನಷ್ಟು ಕೆಡುವುದುಂಟು. ಅದಕ್ಕೇ ಮೊದಲು ಕಣ್ಣು ತೋರಿಸಿ ಎನ್ನುವುದು.

ಮೆಟ್‌ಫಾರ್ಮಿನ್ ಬಗ್ಗೆ ಒಂದು ಮಾತು. ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಇಳಿಯುವುದುಂಟು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ, ಹಾಲು ಮಜ್ಜಿಗೆಯಿಂದ ಬಂದಷ್ಟೇ. ಗ್ಯಾಸಿನ ಮಾತ್ರೆಯನ್ನೂ ದಿನಾ ನುಂಗುತ್ತಿದ್ದರೆ ಇನ್ನೂ ಇಳಿಯುತ್ತದೆ. ಬಿ12 ತೀರಾ ಕಡಿಮೆಯಾದರೆ ಪಾದ ಜೋಮು ಹಿಡಿಯುವುದಷ್ಟೇ ಅಲ್ಲ, ಕಣ್ಣಿನ ನರವೂ ಸೊರಗುತ್ತದೆ. ಎರಡೂ ಕಣ್ಣು ನೋವಿಲ್ಲದೆ ನಿಧಾನ ಮಂಕಾಗುತ್ತದೆ, ಬಣ್ಣಗಳು ಮಾಸುತ್ತವೆ. ಬೇಗ ಗೊತ್ತಾದರೆ ಬಹಳಷ್ಟು ಸರಿಯಾಗುತ್ತದೆ. ಮುಂದಿನ ಸಲ ಶುಗರ್‌ಗೆ ರಕ್ತ ಕೊಡುವಾಗ ಬಿ12 ಕೂಡ ನೋಡಿ ಎಂದು ಹೇಳಿ. ಇದಕ್ಕೆ ಯಾವ ಸೊಪ್ಪೂ ಆಗುವುದಿಲ್ಲ. ಕಡಿಮೆ ಇದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು. ನೋಡಿ, ನಾನು ಮಾತ್ರೆಯ ವಿರೋಧಿಯಲ್ಲ!

ಮೀನು ತಿನ್ನುವ ಮನೆಯವರೂ ಇದನ್ನು ಓದುತ್ತಿರಬಹುದು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಬೂತಾಯಿ, ಬಂಗುಡೆ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆ. ವಾರಕ್ಕೆ ಎರಡು ಸಲ ಮೀನು ತಿನ್ನುವವರಲ್ಲಿ ಮ್ಯಾಕುಲಾ ಸವೆತ ಕೊನೆಯ ಹಂತಕ್ಕೆ ಹೋಗುವುದು ಕಡಿಮೆ ಎಂದು ಹಲವು ಕಡೆ ಕಂಡಿದೆ. ಅದೇ ಮೀನಿನ ಎಣ್ಣೆಯನ್ನು ಕ್ಯಾಪ್ಸೂಲ್ ಮಾಡಿ ಕೊಟ್ಟಾಗ ಆ 2013ರ ಪ್ರಯೋಗದಲ್ಲಿ ಏನೂ ಲಾಭ ಕಾಣಲಿಲ್ಲ. ಆದ್ದರಿಂದ ಸಾರು ಮಾಡಿ ತಿನ್ನಿ. ಕರಿದರೆ ಅದರ ಒಳ್ಳೆಯ ಕೊಬ್ಬಿನ ಜೊತೆ ಬೇಡದ ಎಣ್ಣೆಯೂ ಹೊಟ್ಟೆಗೆ. ಅಕ್ಕಾ, ನೀವು ಇದಕ್ಕಾಗಿ ಮೀನು ಶುರು ಮಾಡಬೇಕಾಗಿಲ್ಲ, ಕ್ಯಾಪ್ಸೂಲೂ ಬೇಡ.

ಬೀಡಿ. ಮ್ಯಾಕುಲಾ ಸವೆತಕ್ಕೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಹೊಗೆ ಸೇದುವುದೇ ಎಲ್ಲಕ್ಕಿಂತ ದೊಡ್ಡದು. ಕಣ್ಣಿನ ಪೊರೆಗೂ ಅದು ಕಾರಣ. ಮನೆಯವರು ಬೀಡಿ ಬಿಡದೆ ನೀವು ಎಷ್ಟು ಒಂದೆಲಗ ಅರೆದರೂ ಅವರ ಕಣ್ಣಿಗೆ ಸಾಲದು. ನಿಮ್ಮ ಪಾಲಿನ ಹೊಗೆ ಬೇರೆ ಇದೆ, ಅಡುಗೆಮನೆಯ ಕಟ್ಟಿಗೆ ಒಲೆಯದ್ದು. ಅದಕ್ಕೂ ಹೆಂಗಸರ ಕಣ್ಣಿನ ಪೊರೆಗೂ ನಂಟಿದೆ. ಗ್ಯಾಸ್ ಇದ್ದರೂ ಅನ್ನಕ್ಕೆ, ಬಿಸಿನೀರಿಗೆ ಒಲೆಯೇ ಆಗಬೇಕು ಎನ್ನುವ ಮನೆಯಾದರೆ ಹೊಗೆ ಹೊರಗೆ ಹೋಗುವ ದಾರಿಯಾದರೂ ಮಾಡಿಸಿ. ಅಂಗಳದಲ್ಲಿ ಅಡಿಕೆ ಹರಗುವಾಗ ತಲೆಗೆ ಮುಟ್ಟಾಳೆ (ಹಾಳೆ ಟೊಪ್ಪಿ) ಇಟ್ಟುಕೊಳ್ಳಿ. ಬಿಸಿಲಿನ ಝಳವೂ ಪೊರೆಗೆ ಒಂದು ಕಾರಣ.

ಸೊಪ್ಪು ಎಲ್ಲರಿಗೂ ಒಂದೇ ಅಳತೆಯಲ್ಲ. ಹೃದಯದ ಕವಾಟ ಬದಲಾಯಿಸಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪು ಹೆಚ್ಚಿಸಿದರೆ ಆ ಮಾತ್ರೆಯ ಕೆಲಸ ಕುಗ್ಗುತ್ತದೆ. ಅವರು ತಮ್ಮ ಡಾಕ್ಟರಿಗೆ ಹೇಳಿ, ದಿನಾ ಒಂದೇ ಅಳತೆ ಇಟ್ಟುಕೊಳ್ಳಬೇಕು. ಕಿಡ್ನಿ ಸೋತವರಿಗೆ ಸೊಪ್ಪಿನ ಪೊಟ್ಯಾಸಿಯಂ ಆಗದಿರಬಹುದು. ಶುಗರ್ ಹಳೆಯದಾದರೆ ಕಿಡ್ನಿಯೂ ಕೆಡುವುದುಂಟು, ಆದ್ದರಿಂದ ನೀವೂ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಮತ್ತೆ, ನಂದಿಬಟ್ಟಲ ಹೂವಿನ ನೀರು, ಜೇನು, ಹರಳೆಣ್ಣೆ ಕಣ್ಣಿಗೆ ಬಿಡುವುದು ಬೇಡ. ಮಳೆಗಾಲದಲ್ಲಿ ಅದರಿಂದ ಕಣ್ಣು ಹುಣ್ಣಾಗಿ ಬಂದವರನ್ನು ನೋಡಿದ್ದೇನೆ.

ಮನೆಯಲ್ಲೇ ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಆಸ್ಪತ್ರೆಯಲ್ಲಿ ಚೌಕುಳಿ ಹಾಕಿದ ಕಾಗದ ಕೊಡುತ್ತಾರೆ, ನಿಮಗೆ ಅಡಿಕೆ ತೋಟವೇ ಆಗುತ್ತದೆ. ಕನ್ನಡಕ ಹಾಕಿ ಜಗಲಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೇರವಾಗಿ ಬೆಳೆದ ಒಂದು ಮರದ ಕಾಂಡ ನೋಡಿ. ಆಮೇಲೆ ಇನ್ನೊಂದು ಕಣ್ಣಿನಿಂದ. ಕಿಟಕಿಯ ಸರಳು, ಗೋಡೆಯ ಕ್ಯಾಲೆಂಡರಿನ ಮನೆಗಳೂ ಆಗುತ್ತವೆ. ನೆಟ್ಟಗಿರುವ ಗೆರೆ ನಡುವೆ ಬಳುಕಿದ ಹಾಗೆ, ಮುರಿದ ಹಾಗೆ ಅಥವಾ ಅಳಿಸಿದ ಹಾಗೆ ಕಂಡರೆ ಕಾಯಬೇಡಿ, ಆ ವಾರವೇ ಹೋಗಿ. ಮ್ಯಾಕುಲಾದ ಅಡಿಯಲ್ಲಿ ರಕ್ತನಾಳ ಒಸರುವ ಬಗೆಗೆ ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಬೇಗ ಬಂದವರಿಗೆ ಅದು ನೋಟ ಉಳಿಸುತ್ತದೆ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಎಷ್ಟೋ ಜನ ತಡವಾಗಿ ಬರುವುದು ಇದರಿಂದಲೇ.

ರೆಟಿನಾ ತೋರಿಸಲು ಹೋಗುವ ದಿನ ಆ ಡಬ್ಬಿ, ಅಮ್ಮನ ಹಳೆಯ ಚೀಟಿಗಳಿದ್ದರೆ ಅವು, ನಿಮ್ಮ ಶುಗರ್ ರಿಪೋರ್ಟು, ಎಲ್ಲ ಕೈಚೀಲದಲ್ಲಿ ಹಾಕಿಕೊಳ್ಳಿ. ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮನೆಯವರೇ ಬಂದರೆ ಇನ್ನೂ ಒಳ್ಳೆಯದು, ಅವರ ಕಣ್ಣನ್ನೂ ಅದೇ ದಿನ ನೋಡಿಸಬಹುದು.